ಹೋಮ್ ಥಿಯೇಟರ್ ರಿಸೀವರಿಗೆ ಈಕ್ವಲೈಜರನ್ನು ಜೋಡಿಸುವ ಬಗೆ

ಹಾಡು ಕೇಳಿಸುವುದು ಬೇರೆ, ಹಾಡಿನೊಳಗಣ ಮಾತು ತಿಳಿಯುವುದು ಬೇರೆ. ಕಿವಿ ಚುರುಕಾಗಿರುವ ಎಳೆಯರಿಗೆ ಈ ಭೇದವು ಸುಲಭವಾಗಿ ಗೋಚರಿಸದು; ಅವರಿಗೆ ಎರಡೂ ಒಂದೇ ಕಾಲದಲ್ಲಿ ಸಿದ್ಧಿಸಿರುತ್ತವೆ. ವಯಸ್ಸಾದವರ ಪಾಡು ಹಾಗಲ್ಲ. ಖಡಕಿಯಲ್ಲಿ ನಮ್ಮ ನೆರೆಮನೆಯ ಹಿರಿಯರೊಬ್ಬರು ಕೆಲವು ತಿಂಗಳ ಹಿಂದೆ ನನ್ನೊಡನೆ ಹೇಳಿಕೊಂಡ ದೂರು ಇದೇ ಆಗಿತ್ತು. ಅವರ ಮಗ ಮನೆಗೆ ಒಂದು ಹೋಮ್ ಥಿಯೇಟರನ್ನು ತಂದಿರಿಸಿದ್ದರು. ಐದು ಧ್ವನಿಪೆಟ್ಟಿಗೆಗಳು, ಮಂದ್ರಸ್ವರಕ್ಕಾಗಿ ನೆಲದ ಮೇಲೆ ಇನ್ನೊಂದು ದಪ್ಪ ಪೆಟ್ಟಿಗೆ, ಇವೆಲ್ಲಕ್ಕೂ ಒಡೆಯನಂತೆ ನಡುವೆ ಕುಳಿತ ರಿಸೀವರು. “ಸದ್ದಿಗೇನೂ ಕೊರತೆಯಿಲ್ಲ, ಗೋಡೆ ನಡುಗುತ್ತದೆ. ಆದರೆ ಪದ ಯಾವುದೆಂಬುದೇ ತಿಳಿಯುವುದಿಲ್ಲ” ಎಂದು ಅವರು ನೊಂದು ನುಡಿದರು.

ಅವರು ಗದಗಿನ ಕಡೆಯವರು. ಯೌವನದಲ್ಲಿಯೇ ಉದ್ಯೋಗಾರ್ಥವಾಗಿ ಪುಣೆಗೆ ಬಂದು ಇಲ್ಲಿಯೇ ನೆಲೆಸಿದವರು. ಭೀಮಸೇನ ಜೋಶಿಯವರು ಕುಂದಗೋಳದ ತಮ್ಮ ಗುರುಗಳಾದ ಸವಾಯಿ ಗಂಧರ್ವರ ಸ್ಮರಣೆಗಾಗಿ 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಸಂಗೀತೋತ್ಸವಕ್ಕೆ ಈ ಹಿರಿಯರು ಅನೇಕ ವರ್ಷ ತಪ್ಪದೆ ಹೋಗುತ್ತಿದ್ದರು. ರಮಣಬಾಗಿನ ಶಾಲೆಯ ಮೈದಾನದಲ್ಲಿ ಚಳಿಗೆ ಕಂಬಳಿ ಹೊದ್ದು ಬೆಳಗಿನ ಜಾವದವರೆಗೆ ಕುಳಿತು ಕೇಳಿದ್ದನ್ನು ಈಗಲೂ ವರ್ಣಿಸುತ್ತಾರೆ. 2011ರ ಜನವರಿಯಲ್ಲಿ ಜೋಶಿಯವರು ತೀರಿಕೊಂಡ ಮೇಲೆ ಧ್ವನಿಮುದ್ರಿಕೆಗಳೇ ಅವರಿಗೆ ಆಧಾರವಾದವು. ಅವುಗಳಲ್ಲಿಯೂ ಕನ್ನಡದ ದಾಸರ ಪದಗಳೆಂದರೆ ಅವರಿಗೆ ಪ್ರಾಣ. ರಾಗವನ್ನು ಕಿವಿಯು ಈಗಲೂ ಹಿಡಿಯುತ್ತದೆ. ಪದವು ಮಾತ್ರ ಜಾರಿಹೋಗುತ್ತದೆ.

ಅವರ ಮೊಮ್ಮಗನು ಒಂಬತ್ತನೆಯ ತರಗತಿಯ ವಿದ್ಯಾರ್ಥಿ, ಬಹು ಉತ್ಸಾಹಿ. ಅಜ್ಜನ ಕೊರತೆಯನ್ನು ನೀಗಿಸಬೇಕೆಂದು ಒಂದು ಭಾನುವಾರ ಪುಣೆಯ ಜೂನಾ ಬಾಜಾರಕ್ಕೆ ಹೋಗಿ, ಹಳೆಯ ಸಾಮಾನುಗಳ ರಾಶಿಯೊಳಗಿಂದ ಹತ್ತು ಜಾರುಗುಂಡಿಗಳುಳ್ಳ ಈಕ್ವಲೈಜರೊಂದನ್ನು ಕೊಂಡುತಂದನು. ಅದೇ ಸಂಜೆ ಒಂದು ಕೈಯಲ್ಲಿ ಆ ಪೆಟ್ಟಿಗೆಯನ್ನೂ ಇನ್ನೊಂದರಲ್ಲಿ ತಂತಿಗಳ ಸುರುಳಿಯನ್ನೂ ಹಿಡಿದು ನಮ್ಮ ಮನೆಯ ಬಾಗಿಲಿಗೆ ಬಂದು, “ಇದನ್ನು ರಿಸೀವರಿಗೂ ಸ್ಪೀಕರಿಗೂ ನಡುವೆ ಕಟ್ಟಿದರೆ ಸಾಕಲ್ಲವೇ?” ಎಂದು ಕೇಳಿದನು. ಕೇಳದೆಯೇ ಕಟ್ಟದಿದ್ದುದು ಅವನ ಪುಣ್ಯ. ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಈಕ್ವಲೈಜರ್ ಎಂದರೆ ಸಮಗೊಳಿಸುವ ಉಪಕರಣ. ಈ ಹೆಸರು ಬಂದುದು ಸಂಗೀತದಿಂದಲ್ಲ, ದೂರವಾಣಿಯಿಂದ. ಉದ್ದವಾದ ತಂತಿಯ ಮೇಲೆ ಮಾತು ಸಾಗುವಾಗ ಅದರ ತಾರಸ್ವರಗಳು ಮಂದ್ರಸ್ವರಗಳಿಗಿಂತ ಹೆಚ್ಚಾಗಿ ಸವೆಯುತ್ತವೆ. ಹೀಗೆ ಸವೆದುದನ್ನು ಮರಳಿ ಎತ್ತಿ, ಹೊರಟಾಗ ಇದ್ದಂತೆಯೇ ಸಮನಾಗಿಸುವ ಮಂಡಲಗಳನ್ನು ಎಂಜಿನಿಯರರು ರಚಿಸಿದರು. ಅದೇ ತತ್ತ್ವವು ಮುಂದೆ ಚಲಚ್ಚಿತ್ರಕ್ಕೂ ಧ್ವನಿಮುದ್ರಣಶಾಲೆಗಳಿಗೂ ಕೊನೆಗೆ ಮನೆಗಳಿಗೂ ಬಂದಿತು. ಮೊಮ್ಮಗನು ತಂದ ಪೆಟ್ಟಿಗೆಯಲ್ಲಿ ಪ್ರತಿಯೊಂದು ಗುಂಡಿಯ ಕೆಳಗೂ ಒಂದು ಸಂಖ್ಯೆ ಇತ್ತು: 31, 63, 125, 250, 500, ಮುಂದೆ 1000, 2000, 4000, 8000, 16000. ಇವು ಸೆಕೆಂಡಿಗೆ ಇಷ್ಟು ಕಂಪನಗಳೆಂದು, ಅಂದರೆ ಹರ್ಟ್ಸ್ ಎಂಬ ಮಾನದಲ್ಲಿ ಕೊಟ್ಟ ಸಂಖ್ಯೆಗಳು. ಪ್ರತಿಯೊಂದೂ ಹಿಂದಿನದರ ಇಮ್ಮಡಿಯಾಗಿರುವುದನ್ನು ಗಮನಿಸಬೇಕು. ಸಂಗೀತ ಬಲ್ಲವರ ಭಾಷೆಯಲ್ಲಿ ಹೇಳುವುದಾದರೆ ಒಂದು ಗುಂಡಿಯಿಂದ ಮುಂದಿನ ಗುಂಡಿಗೆ ಒಂದು ಸಪ್ತಕದ ಅಂತರ: ಇಲ್ಲಿ ಷಡ್ಜವಾದರೆ ಅಲ್ಲಿ ಮೇಲಿನ ಷಡ್ಜ. ಒಂದು ಗುಂಡಿಯನ್ನು ಏರಿಸಿದರೆ ಆ ಸಪ್ತಕದ ಸುತ್ತಮುತ್ತಣ ಧ್ವನಿಯು ಬಲಗೊಳ್ಳುತ್ತದೆ, ಇಳಿಸಿದರೆ ಕ್ಷೀಣಿಸುತ್ತದೆ. ನೆರೆಯ ಗುಂಡಿಗಳ ಸೀಮೆಗಳು ಒಂದರ ಮೇಲೊಂದು ಸ್ವಲ್ಪ ಒರಗಿಕೊಂಡಿರುತ್ತವೆ; ಆದಕಾರಣ ಒಂದನ್ನು ಮುಟ್ಟಿದರೆ ಪಕ್ಕದವೂ ತುಸು ಅಲುಗುತ್ತವೆ.

ಇನ್ನು ಅಜ್ಜನ ಕಿವಿಯ ವಿಷಯ. ಮನುಷ್ಯನ ಕಿವಿಯು ಸುಮಾರು 20ರಿಂದ 20000 ಹರ್ಟ್ಸಿನವರೆಗೆ ಕೇಳಬಲ್ಲುದೆಂದು ಪುಸ್ತಕಗಳು ಹೇಳುತ್ತವೆ. ಅದು ಎಳೆಯರ ಮಾತು. ವಯಸ್ಸೇರಿದಂತೆ ಈ ಶ್ರವಣಶಕ್ತಿಯು ಮೇಲಿನ ತುದಿಯಿಂದ ಕೆಳಕ್ಕೆ ಕರಗುತ್ತ ಬರುತ್ತದೆ. ಮೊದಲು ಅತಿ ಸೂಕ್ಷ್ಮವಾದ ತಾರಧ್ವನಿಗಳು ಹೋಗುತ್ತವೆ. ಅವು ಹೋದುದು ಯಾರಿಗೂ ತಿಳಿಯುವುದಿಲ್ಲ. ಆ ಬಳಿಕ 8000, 4000 ಹರ್ಟ್ಸುಗಳ ಸೀಮೆ ಕುಂದತೊಡಗುತ್ತದೆ. ಆಗ ಮಾತಿಗೆ ಪೆಟ್ಟು ಬೀಳುತ್ತದೆ. ಏಕೆಂದರೆ ನಮ್ಮ ಸ್ವರಾಕ್ಷರಗಳ ಬಲವೆಲ್ಲ ಕೆಳಗಿನ ಮತ್ತು ನಡುವಣ ಸೀಮೆಗಳಲ್ಲಿದೆ. ಸ, ಶ, ತ, ಕ ಮುಂತಾದ ವ್ಯಂಜನಗಳ ಗುರುತು ಇರುವುದು ಬಹುಮಟ್ಟಿಗೆ 2000 ಹರ್ಟ್ಸಿನಿಂದ ಮೇಲೆ. ವ್ಯಂಜನವು ಮಸುಕಾದರೆ “ಸಾಲು” ಎಂಬುದು “ಹಾಲು” ಆಗಿ ಕೇಳಿಸೀತು. “ತಲೆ”ಗೂ “ಕಲೆ”ಗೂ ಭೇದ ಉಳಿಯದು. ಸದ್ದನ್ನು ಎಷ್ಟು ಏರಿಸಿದರೂ ಈ ಕೊರತೆ ತೀರುವುದಿಲ್ಲ. ಸ್ವರಾಕ್ಷರಗಳೂ ತಬಲೆಯ ಡಗ್ಗೆಯೂ ಇನ್ನಷ್ಟು ದೊಡ್ಡವಾಗಿ, ಬಡಪಾಯಿ ವ್ಯಂಜನಗಳು ಅವುಗಳಡಿಯಲ್ಲಿ ಇನ್ನಷ್ಟು ಹೂತುಹೋಗುತ್ತವೆ. ಅಜ್ಜಂದಿರು “ಕೂಗಬೇಡ, ಬಿಡಿಸಿ ಹೇಳು” ಎಂದು ಗದರಿಸುವುದರಲ್ಲಿ ಶಾಸ್ತ್ರವೇ ಇದೆ.

ಇಲ್ಲಿ ಒಂದು ಸ್ವಾರಸ್ಯವನ್ನು ಹೇಳಬೇಕು. ಹಳೆಯ ದೂರವಾಣಿಯು ಸುಮಾರು 300ರಿಂದ 3400 ಹರ್ಟ್ಸಿನವರೆಗಿನ ಧ್ವನಿಯನ್ನು ಮಾತ್ರ ಸಾಗಿಸುತ್ತಿತ್ತು. ಆದರೂ ಜನರು ಅದರಲ್ಲಿ ಮದುವೆಯ ಮಾತುಕತೆಗಳನ್ನೇ ಮುಗಿಸುತ್ತಿದ್ದರು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯನ್ನು ಮಧ್ಯಮತರಂಗದಲ್ಲಿ ಕೇಳುತ್ತಿದ್ದವರ ಸಣ್ಣ ರೇಡಿಯೋದಲ್ಲಿಯೂ 5000 ಹರ್ಟ್ಸಿನ ಮೇಲೆ ಏನೂ ಇರುತ್ತಿರಲಿಲ್ಲವೆಂದೇ ಹೇಳಬಹುದು. ಮಾತು ತಿಳಿಯುವುದಕ್ಕೆ ಅಷ್ಟು ಸಾಕು. ಆದುದರಿಂದ ಅಜ್ಜನಿಗಾಗಿ ಗುಂಡಿಗಳನ್ನು ಸರಿಪಡಿಸುವಾಗ ಬಲತುದಿಯ 16000ದ ಗುಂಡಿಯೊಡನೆ ಸೆಣಸುವುದು ವ್ಯರ್ಥ. ಕೆಲಸವಿರುವುದು 2000 ಮತ್ತು 4000ದ ಗುಂಡಿಗಳಲ್ಲಿ.

ಪೆಟ್ಟಿಗೆಯ ಗುಣ ತಿಳಿದಂತಾಯಿತು. ಅದನ್ನು ಎಲ್ಲಿ ಇಡಬೇಕೆಂಬುದೇ ಈಗಿನ ಪ್ರಶ್ನೆ.

ಧ್ವನಿಯು ರಿಸೀವರಿನೊಳಗೆ ನಡೆಯುವ ದಾರಿಯನ್ನು ಕಾಲುವೆಗೆ ಹೋಲಿಸಬಹುದು. ಮೊದಲು ಹಲವು ಕಡೆಗಳಿಂದ ಬಂದ ನೀರಿನಲ್ಲಿ ಒಂದನ್ನು ಆರಿಸುವ ತೂಬು. ಆ ಬಳಿಕ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡುವ ತೂಬು, ಅದೇ ವಾಲ್ಯೂಮ್ ಗುಂಡಿ. ಕೊನೆಗೆ ಆ ಸಣ್ಣ ಪ್ರವಾಹವನ್ನು ಧುಮ್ಮಿಕ್ಕುವ ಜಲಪಾತವಾಗಿಸುವ ಶಕ್ತಿವರ್ಧಕ. ಈಕ್ವಲೈಜರು ಸಣ್ಣ ಪ್ರವಾಹಕ್ಕಾಗಿ ಕಟ್ಟಿದ ಯಂತ್ರ. ಸಿ.ಡಿ. ಪ್ಲೇಯರಿನಿಂದ ಹೊರಬರುವ ವಿದ್ಯುತ್ತು ಅತಿ ಗಟ್ಟಿಯಾದ ಸ್ಥಳದಲ್ಲಿಯೂ 2 ವೋಲ್ಟುಗಳಷ್ಟು ಮಾತ್ರ. ಶಕ್ತಿವರ್ಧಕವು 8 ಓಮ್‌ನ ಸ್ಪೀಕರಿಗೆ 50 ವಾಟ್ ಕೊಡುವಾಗ ಅದರ ತುದಿಗಳಲ್ಲಿ 20 ವೋಲ್ಟುಗಳಿರುತ್ತವೆ. ಭೌತಶಾಸ್ತ್ರದ ವಿದ್ಯಾರ್ಥಿಗಳು 50ನ್ನು 8ರಿಂದ ಗುಣಿಸಿ ವರ್ಗಮೂಲ ತೆಗೆದು ಇದನ್ನು ತಾವೇ ಪರೀಕ್ಷಿಸಬಹುದು. ಇಷ್ಟನ್ನು ಈಕ್ವಲೈಜರಿನ ಬಾಯಿಗೆ ಸುರಿದರೆ ಅದರ ಒಳಗಣ ಸೂಕ್ಷ್ಮ ಭಾಗಗಳು ಸುಟ್ಟುಹೋಗುವ ಸಂಭವವುಂಟು. ಒಂದು ವೇಳೆ ಉಳಿದುಕೊಂಡರೂ, ಅದರ ಇನ್ನೊಂದು ತುದಿಗೆ ಸ್ಪೀಕರನ್ನು ನಡೆಸುವ ಶಕ್ತಿಯಿಲ್ಲ. ಸಾಲದುದಕ್ಕೆ, ಕೆಲವು ವರ್ಧಕಗಳಲ್ಲಿ ಸ್ಪೀಕರಿನ ಕಪ್ಪು ತುದಿಯು ಭೂಮಿಗೆ ಸೇರಿದುದಾಗಿರುವುದಿಲ್ಲ. ಅದರಲ್ಲಿಯೂ ವಿದ್ಯುತ್ತು ಇರುತ್ತದೆ. ಎಡಬಲಗಳ ಕಪ್ಪು ತುದಿಗಳನ್ನು ಈಕ್ವಲೈಜರಿನ ಒಂದೇ ಲೋಹಕವಚಕ್ಕೆ ಸೇರಿಸಿದರೆ ರಿಸೀವರಿಗೇ ಅಪಾಯ. ಆದುದರಿಂದ ಮೊಮ್ಮಗನ ಮೊದಲ ಯೋಜನೆಯನ್ನು ಅಲ್ಲಿಯೇ ಕೈಬಿಡಬೇಕಾಯಿತು. ರಿಸೀವರಿಗೂ ಸ್ಪೀಕರಿಗೂ ನಡುವೆ ಈಕ್ವಲೈಜರನ್ನು ಎಂದಿಗೂ ಕಟ್ಟಬಾರದು.

ಹಾಗಾದರೆ ಈ ಯಂತ್ರಗಳನ್ನು ಮಾಡಿದವರು ಅವುಗಳನ್ನು ಎಲ್ಲಿ ಇಡಬೇಕೆಂದು ಎಣಿಸಿದ್ದರು? ಹಿಂದಿನ ಕಾಲದ ಸ್ಟೀರಿಯೋ ರಿಸೀವರುಗಳ ಬೆನ್ನಿನಲ್ಲಿ ಟೇಪ್ ಮಾನಿಟರ್ ಎಂಬ ಏರ್ಪಾಡು ಇರುತ್ತಿತ್ತು. ಆರಿಸಿದ ಧ್ವನಿಯು ವಾಲ್ಯೂಮ್ ಗುಂಡಿಯನ್ನು ಮುಟ್ಟುವುದಕ್ಕೆ ಮುಂಚೆ ಒಂದು ಬಾಗಿಲಿನಿಂದ ಹೊರಗೆ ಹೋಗಿ, ಟೇಪ್ ರಿಕಾರ್ಡರನ್ನು ಹೊಕ್ಕು, ಇನ್ನೊಂದು ಬಾಗಿಲಿನಿಂದ ಮತ್ತೆ ಅದೇ ದಾರಿಗೆ ಬಂದು ಸೇರುತ್ತಿತ್ತು. ಟೇಪಿನ ಸ್ಥಾನದಲ್ಲಿ ಈಕ್ವಲೈಜರನ್ನಿಟ್ಟರೆ ಕೆಲಸ ಮುಗಿಯಿತು: ರೇಡಿಯೋ, ಗ್ರಾಮೊಫೋನು, ಸಿ.ಡಿ. ಎಲ್ಲವೂ ಅದರ ಮೂಲಕವೇ ಹಾಯುತ್ತಿದ್ದವು. ಇಂಥ ಹಳೆಯ ರಿಸೀವರು ಯಾರ ಮನೆಯಲ್ಲಾದರೂ ಇದ್ದರೆ ಅವರು ಈ ಲೇಖನದ ಉಳಿದ ಭಾಗವನ್ನು ಓದುವ ತೊಂದರೆಯನ್ನೇ ತೆಗೆದುಕೊಳ್ಳಬೇಕಾಗಿಲ್ಲ.

ಈಗಿನ ಹೋಮ್ ಥಿಯೇಟರ್ ರಿಸೀವರುಗಳಲ್ಲಿ ಸಾಮಾನ್ಯವಾಗಿ ಆ ಬಾಗಿಲುಗಳು ಮಾಯವಾಗಿವೆ. ಇದಕ್ಕೆ ಕಾರಣವಿದೆ. ಎಚ್.ಡಿ.ಎಂ.ಐ. ತಂತಿಯಲ್ಲಿಯೂ ಬೆಳಕಿನ ತಂತಿಯಲ್ಲಿಯೂ ಬರುವುದು ಧ್ವನಿಯಲ್ಲ, ಧ್ವನಿಯನ್ನು ಅಳೆದು ಬರೆದ ಅಂಕಿಗಳು. ರಿಸೀವರು ಆ ಅಂಕಿಗಳನ್ನು ಬಿಡಿಸಿ, ಐದಾರು ಸ್ಪೀಕರುಗಳಿಗೆ ಹಂಚಿ, ಲೆಕ್ಕಾಚಾರಗಳನ್ನೆಲ್ಲ ತನ್ನೊಳಗೇ ಮುಗಿಸಿಕೊಂಡು, ಕಟ್ಟಕಡೆಗೆ ಅವನ್ನು ವಿದ್ಯುತ್ತಿನ ಏರಿಳಿತಗಳಾಗಿ ಮಾರ್ಪಡಿಸುತ್ತದೆ. ಜೂನಾ ಬಾಜಾರದ ಹಳೆಯ ಈಕ್ವಲೈಜರಿಗೆ ವಿದ್ಯುತ್ತಿನ ಏರಿಳಿತ ಗೊತ್ತು, ಅಂಕಿ ಗೊತ್ತಿಲ್ಲ. ಅಂಕಿಗಳ ನಡುವೆ ಅದನ್ನು ತೂರಿಸಲು ಸ್ಥಳವೇ ಇಲ್ಲ.

ಕೆಲವು ರಿಸೀವರುಗಳ ಬೆನ್ನಿನಲ್ಲಿ ಧ್ವನಿಮುದ್ರಣಕ್ಕೆಂದು ಹೊರಬಾಗಿಲು ಮಾತ್ರ ಉಳಿದಿರುತ್ತದೆ. ಅದರಿಂದ ಧ್ವನಿಯನ್ನು ತೆಗೆದು ಈಕ್ವಲೈಜರಿಗೆ ಕೊಟ್ಟು, ಮತ್ತೊಂದು ಒಳಬಾಗಿಲಿನಿಂದ ಅದೇ ರಿಸೀವರಿಗೆ ಸೇರಿಸಿದರೆ ಆಗದೇ ಎಂದು ಬುದ್ಧಿವಂತರು ಕೇಳುವುದುಂಟು. ಆ ಒಳಬಾಗಿಲನ್ನು ಆರಿಸಿದೊಡನೆಯೇ ಹೊರಬಾಗಿಲಿಗೂ ಅದೇ ಧ್ವನಿ ಹೋಗತೊಡಗುತ್ತದೆ. ಹಾವು ತನ್ನ ಬಾಲವನ್ನೇ ನುಂಗಿದಂತೆ. ರಿಸೀವರು ಎಚ್ಚರವುಳ್ಳದ್ದಾದರೆ ಮೌನವಾಗುತ್ತದೆ. ಇಲ್ಲವಾದರೆ ಕರ್ಕಶವಾಗಿ ಊಳಿಡುತ್ತದೆ. ಇನ್ನೊಂದು ಕೋಣೆಗೆ ಬೇರೆ ಹಾಡನ್ನು ಕಳುಹಿಸುವ ಎರಡನೆಯ ವಲಯದ ಬಾಗಿಲುಳ್ಳ ರಿಸೀವರುಗಳಲ್ಲಿ ಈ ಸುತ್ತುದಾರಿ ಸಾಧ್ಯವಾಗುತ್ತದೆ. ಏಕೆಂದರೆ ಅಲ್ಲಿ ಎರಡು ವಲಯಗಳಿಗೂ ಬೇರೆ ಬೇರೆ ಆಯ್ಕೆಯುಂಟು. ಆದರೆ ದಿನವೂ ಎರಡು ಸಲ ಗುಂಡಿಯೊತ್ತುವ ಆ ಗೊಂದಲವನ್ನು ಎಪ್ಪತ್ತು ದಾಟಿದವರ ಮೇಲೆ ಹೊರಿಸಲು ನನಗೆ ಮನಸ್ಸಾಗಲಿಲ್ಲ.

ಬೆಲೆ ಹೆಚ್ಚಾದ ರಿಸೀವರುಗಳಲ್ಲಿ ಪ್ರೀ-ಔಟ್ ಎಂಬ ಬಾಗಿಲಿರುತ್ತದೆ. ಇದು ವಾಲ್ಯೂಮ್ ಗುಂಡಿಯ ಆಚೆಗೆ, ಶಕ್ತಿವರ್ಧಕಕ್ಕೆ ಈಚೆಗೆ ಇರುವ ಸ್ಥಳ. ಇಲ್ಲಿ ಅಂಕಿಗಳೆಲ್ಲ ವಿದ್ಯುತ್ತಾಗಿ ಮಾರ್ಪಟ್ಟಿರುತ್ತವೆ, ವಿದ್ಯುತ್ತು ಇನ್ನೂ ಸಣ್ಣದಾಗಿಯೇ ಇರುತ್ತದೆ. ಈಕ್ವಲೈಜರಿಗೆ ಇದು ಯೋಗ್ಯವಾದ ಸ್ಥಾನವೇ ಸರಿ. ಆದರೆ ಹೊರಗೆ ಹೋದುದು ಮರಳಿ ಬರಲು ಬಹುತೇಕ ರಿಸೀವರುಗಳಲ್ಲಿ ಬಾಗಿಲಿಲ್ಲ. ಬೇರೊಂದು ಶಕ್ತಿವರ್ಧಕವನ್ನು ಕೊಂಡು ಅದರಿಂದ ಸ್ಪೀಕರುಗಳನ್ನು ನಡೆಸಬೇಕಾಗುತ್ತದೆ. ಮತ್ತೊಂದು ತೊಡಕೂ ಉಂಟು. ಹಳೆಯ ಈಕ್ವಲೈಜರಿಗೆ ತನ್ನದೇ ಆದ ಸಣ್ಣ “ಹಿಸ್” ಎಂಬ ಸದ್ದು ಇರುತ್ತದೆ. ವಾಲ್ಯೂಮ್ ಗುಂಡಿಯ ಈಚೆಗೆ ಅದನ್ನು ಇಟ್ಟರೆ ಹಾಡಿನೊಡನೆ ಆ ಸದ್ದೂ ಇಳಿಯುತ್ತದೆ. ಆಚೆಗೆ ಇಟ್ಟರೆ ಹಾಡು ಇಳಿದರೂ ಸದ್ದು ಇಳಿಯದೆ ರಾತ್ರಿಯ ನಿಶ್ಶಬ್ದದಲ್ಲಿ ಕಿವಿಗೆ ಬೀಳುತ್ತಿರುತ್ತದೆ.

ಇದಕ್ಕಿಂತಲೂ ಮುಖ್ಯವಾದುದು ಬೇರೆ. ಈ ಈಕ್ವಲೈಜರಿನಲ್ಲಿ ಎಡ ಬಲ ಎಂಬ ಎರಡೇ ಕಾಲುವೆಗಳು. ಚಲಚ್ಚಿತ್ರದಲ್ಲಿಯಾದರೋ ಪಾತ್ರಗಳ ಮಾತು ಬಹುಮಟ್ಟಿಗೆ ಬರುವುದು ಟೆಲಿವಿಷನ್ನಿನ ಕೆಳಗಿರುವ ನಡುವಣ ಸ್ಪೀಕರಿನಿಂದ. ಎಡಬಲಗಳನ್ನು ಎಷ್ಟು ತಿದ್ದಿದರೂ ಆ ಮಾತಿಗೆ ಏನೂ ಆಗುವುದಿಲ್ಲ. ಹಿನ್ನೆಲೆಯ ಸಂಗೀತ ಮಾತ್ರ ಮಾರ್ಪಡುತ್ತದೆ. ಎಷ್ಟೋ ಜನರು ಇದನ್ನು ತಿಳಿಯದೆ ಗುಂಡಿಗಳನ್ನು ತಿರುವಿ ತಿರುವಿ ಬೇಸತ್ತು ಯಂತ್ರವನ್ನು ಅಟ್ಟಕ್ಕೆ ಸೇರಿಸುತ್ತಾರೆ. ಚಿತ್ರಗಳ ಮಾತು ತಿಳಿಯದಿದ್ದರೆ ರಿಸೀವರಿನ ಸ್ವಂತ ಪಟ್ಟಿಯಲ್ಲಿ ನಡುವಣ ಸ್ಪೀಕರಿನ ಮಟ್ಟವನ್ನು ಮೂರು ನಾಲ್ಕು ಡೆಸಿಬೆಲ್ ಏರಿಸುವುದೇ ಸುಲಭೋಪಾಯ. ಅದಕ್ಕೆ ಹೊರಗಣ ಪೆಟ್ಟಿಗೆಯೇ ಬೇಡ.

ಅಜ್ಜನಿಗೆ ಬೇಕಾದುದು ಚಲಚ್ಚಿತ್ರವಲ್ಲ, ದಾಸರ ಪದ. ಎರಡು ಕಾಲುವೆಗಳ ಸಂಗೀತಕ್ಕೆ ಎರಡು ಕಾಲುವೆಗಳ ಈಕ್ವಲೈಜರೇ ತಕ್ಕುದು. ಆದಕಾರಣ ನಾವು ಆರಿಸಿದ ದಾರಿ ಎಲ್ಲಕ್ಕಿಂತ ಸರಳವಾದುದು: ರಿಸೀವರಿನೊಳಗೆ ಹೋಗುವುದಕ್ಕೆ ಮುಂಚೆಯೇ ಧ್ವನಿಯನ್ನು ತಿದ್ದಿಬಿಡುವುದು. ಮನೆಯಲ್ಲಿದ್ದ ಹಳೆಯ ಸಿ.ಡಿ. ಪ್ಲೇಯರಿನ ಕೆಂಪು ಬಿಳಿ ತಂತಿಗಳನ್ನು ಈಕ್ವಲೈಜರಿನ ಒಳಬಾಗಿಲಿಗೂ, ಈಕ್ವಲೈಜರಿನ ಹೊರಬಾಗಿಲಿನಿಂದ ಬೇರೊಂದು ಜೊತೆ ತಂತಿಗಳನ್ನು ರಿಸೀವರಿನ ಸಾಧಾರಣ ಒಳಬಾಗಿಲಿಗೂ ಜೋಡಿಸಿದೆವು. ಈ ವಿಧಾನದಲ್ಲಿ ಆ ಒಂದು ಮೂಲದ ಧ್ವನಿ ಮಾತ್ರ ತಿದ್ದಲ್ಪಡುತ್ತದೆ. ಉಳಿದುವು ಇದ್ದಂತೆಯೇ ಇರುತ್ತವೆ. ನಮಗೆ ಅದು ದೋಷವಾಗಿ ಕಾಣಲಿಲ್ಲ. ಮನೆಯ ಮಿಕ್ಕವರ ಚಲಚ್ಚಿತ್ರಗಳಿಗೆ ಅಜ್ಜನ ಕಿವಿಯ ಲೆಕ್ಕ ಬೇಕಿಲ್ಲವಷ್ಟೆ. ರಿಸೀವರನ್ನು ಡೈರೆಕ್ಟ್ ಎಂಬ ಸ್ಥಿತಿಯಲ್ಲಿಟ್ಟೆವು. ಹಾಗಿಡದಿದ್ದರೆ ಅನೇಕ ರಿಸೀವರುಗಳು ಒಳಬಂದ ವಿದ್ಯುತ್ತನ್ನು ಮತ್ತೆ ಅಂಕಿಗಳನ್ನಾಗಿಸಿ, ತಮ್ಮದೇ ತಿದ್ದುಪಡಿಗಳನ್ನು ಅದರ ಮೇಲೆ ಹೇರುತ್ತವೆ; ಒಬ್ಬರು ತಿದ್ದಿದ ಉತ್ತರಪತ್ರಿಕೆಯನ್ನು ಇನ್ನೊಬ್ಬರು ಬೇರೆ ಬಣ್ಣದ ಮಸಿಯಲ್ಲಿ ತಿದ್ದಿದಂತಾಗುತ್ತದೆ.

ಟೆಲಿವಿಷನ್ನಿನ ವಾರ್ತೆಯನ್ನೂ ಹೀಗೆ ತಿದ್ದಬೇಕೆನ್ನುವವರು ಅದರ ಬೆಳಕಿನ ಬಾಗಿಲಿಗೆ ಅಂಕಿಗಳನ್ನು ವಿದ್ಯುತ್ತಾಗಿಸುವ ಸಣ್ಣ ಡಬ್ಬಿಯೊಂದನ್ನು ಸೇರಿಸಿ, ಅದರಿಂದ ಈಕ್ವಲೈಜರಿಗೆ ಬರಬಹುದು. ಟೆಲಿವಿಷನ್ನಿನ ಪಟ್ಟಿಯಲ್ಲಿ ಧ್ವನಿಯನ್ನು ಪಿ.ಸಿ.ಎಂ. ಎಂದು ಇರಿಸಬೇಕು, ಇಲ್ಲವಾದರೆ ಆ ಡಬ್ಬಿಗೆ ಭಾಷೆ ತಿಳಿಯದೆ ಸುಮ್ಮನಿದ್ದುಬಿಡುವ ಸಂಭವವುಂಟು. ಗ್ರಾಮೊಫೋನ್ ತಟ್ಟೆ ಇರುವವರಿಗೆ ಇನ್ನೊಂದು ಎಚ್ಚರಿಕೆ. ತಟ್ಟೆಗಳಲ್ಲಿ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸಿ ಕೊರೆದಿರುತ್ತಾರೆ. ನುಡಿಸುವಾಗ ಅದನ್ನು ತಿರುಗುಮುರುಗು ಮಾಡಬೇಕು. 1954ರಲ್ಲಿ ಅಮೆರಿಕದ ಧ್ವನಿಮುದ್ರಣೋದ್ಯಮವು ಇದಕ್ಕೆ ಒಂದೇ ನಿಯಮವನ್ನು ಗೊತ್ತುಮಾಡಿತು. ಮುಂದೆ ಲೋಕವೆಲ್ಲ ಅದನ್ನೇ ಅನುಸರಿಸಿತು. ಆ ಕೆಲಸ ಫೋನೊ ವರ್ಧಕದ್ದು. ಅದಾದ ಮೇಲೆ ಈಕ್ವಲೈಜರು ಬರಬೇಕೇ ಹೊರತು ಅದರ ಬದಲಿಗಲ್ಲ.

ಜೋಡಣೆಯನ್ನು ಮಾಡುವಾಗ ಎಲ್ಲ ಯಂತ್ರಗಳನ್ನೂ ಆರಿಸಿ, ಗೋಡೆಯ ಪ್ಲಗ್ಗಿನಿಂದ ಕಿತ್ತಿಟ್ಟಿರಬೇಕು. ಮತ್ತೆ ಚಾಲೂ ಮಾಡುವಾಗ ಶಕ್ತಿವರ್ಧಕವಿರುವ ರಿಸೀವರನ್ನು ಕೊನೆಗೆ ಹಚ್ಚಬೇಕು, ಆರಿಸುವಾಗ ಮೊದಲು ಆರಿಸಬೇಕು. ಇಲ್ಲವಾದರೆ ಈಕ್ವಲೈಜರು ಎಚ್ಚರಗೊಳ್ಳುವ “ಧಡ್” ಎಂಬ ಪೆಟ್ಟು ಸ್ಪೀಕರಿಗೆ ತಗಲುತ್ತದೆ. ನಾವು ಹಚ್ಚಿದಾಗ ಹಾಡಿಗೆ ಮೊದಲು ಒಂದು ಗುಂಯ್‌ಗುಡುವ ಸದ್ದು ಕೇಳಿಬಂದಿತು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದು. ಎರಡು ಯಂತ್ರಗಳು ಬೇರೆ ಬೇರೆ ದಾರಿಗಳಿಂದ ಭೂಮಿಗೆ ಸೇರಿದಾಗ ಆ ದಾರಿಗಳ ನಡುವೆ ಹರಿಯುವ ಅಲ್ಪ ಪ್ರವಾಹವು 50 ಮತ್ತು 100 ಹರ್ಟ್ಸುಗಳ ಗುಂಯ್‌ಕಾರವಾಗಿ ಕೇಳುತ್ತದೆ. ಇದನ್ನು ನಿಲ್ಲಿಸಲು ಪ್ಲಗ್ಗಿನ ಮೂರನೆಯ ಕಡ್ಡಿಯನ್ನು ಕತ್ತರಿಸುವ ಮಹನೀಯರಿದ್ದಾರೆ. ಅದು ಪ್ರಾಣಕ್ಕೆ ಎರವಾಗುವ ಕೆಲಸ. ಆ ಕಡ್ಡಿಯಿರುವುದೇ ನಮ್ಮ ರಕ್ಷಣೆಗಾಗಿ. ಮೂರೂ ಯಂತ್ರಗಳನ್ನು ಒಂದೇ ಪ್ಲಗ್ ಹಲಗೆಗೆ ಸೇರಿಸಿದಾಗ ಸದ್ದು ಅರ್ಧ ಇಳಿಯಿತು. ರಿಸೀವರಿನ ಹಿಂದೆ ಸೇರಿಕೊಂಡಿದ್ದ ಕೇಬಲ್ ಟಿ.ವಿ.ಯ ತಂತಿಯನ್ನು ಬಿಚ್ಚಿದಾಗ ಪೂರ್ತಿ ನಿಂತಿತು.

ಆ ಬಳಿಕ ಗುಂಡಿಗಳ ಸರದಿ. ಮೊಮ್ಮಗನು ತಡೆಯಲಾರದೆ 4000 ಮತ್ತು 8000ದ ಗುಂಡಿಗಳನ್ನು ತುತ್ತತುದಿಗೆ, ಅಂದರೆ 12 ಡೆಸಿಬೆಲಿಗೆ, ಏರಿಸಲು ಹೊರಟನು. ಕೈ ಹಿಡಿದು ನಿಲ್ಲಿಸಿದೆ. ಡೆಸಿಬೆಲಿನ ಲೆಕ್ಕ ವಿಚಿತ್ರವಾದುದು: ಮೂರು ಡೆಸಿಬೆಲ್ ಏರಿದರೆ ಶಕ್ತಿಯು ಇಮ್ಮಡಿ, ಆರಕ್ಕೆ ನಾಲ್ಮಡಿ, ಹನ್ನೆರಡಕ್ಕೆ ಸುಮಾರು ಹದಿನಾರು ಮಡಿ. ಬೆರಳಿನಿಂದ ಒಂದಂಗುಲ ಸರಿಸಿದ ಗುಂಡಿಯು ವರ್ಧಕದಿಂದ ಆ ಸೀಮೆಯಲ್ಲಿ ಹದಿನಾರು ಪಾಲು ಶಕ್ತಿಯನ್ನು ಬೇಡುತ್ತದೆ. ತಾರಸ್ವರಗಳನ್ನು ನುಡಿಸುವ ಸ್ಪೀಕರಿನ ಸುರುಳಿಯು ಕೂದಲೆಳೆಯಂಥ ತಂತಿಯದು. ಅದು ಸುಟ್ಟುಹೋಗಲು ಹೆಚ್ಚು ಹೊತ್ತು ಬೇಡ. ಆದುದರಿಂದ ಬೇಕಾದುದನ್ನು ಏರಿಸುವ ಬದಲು ಬೇಡವಾದುದನ್ನು ಇಳಿಸುವುದೇ ಜಾಣತನ. 63, 125, 250ರ ಗುಂಡಿಗಳನ್ನು ಐದಾರು ಡೆಸಿಬೆಲ್ ಕೆಳಕ್ಕೆ ತಂದು, 2000 ಮತ್ತು 4000ವನ್ನು ಮೂರರಷ್ಟು ಮಾತ್ರ ಮೇಲಕ್ಕೆ ಸರಿಸಿ, ವಾಲ್ಯೂಮನ್ನು ತುಸು ತಿರುಗಿಸಿದೆವು. ಡಗ್ಗೆಯ ಗುಡುಗು ಅಡಗಿತು. ಮಾತು ಮುಂದಕ್ಕೆ ಬಂದು ನಿಂತಿತು.

ಆದರೂ ಒಂದು ಮೂಲೆಯಲ್ಲಿ ಯಾವುದೋ ಒಂದು ಸ್ವರ ಮಾತ್ರ ಬುಗ್ಗೆಯಂತೆ ಉಕ್ಕುತ್ತಿತ್ತು. ಇದು ಯಂತ್ರದ ದೋಷವಲ್ಲ, ಕೋಣೆಯದು. ಆ ಕೋಣೆ 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ. ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಎದುರುಬದುರು ಗೋಡೆಗಳ ನಡುವೆ ಅರ್ಧ ಅಲೆ ಸರಿಯಾಗಿ ಹಿಡಿಸಿದಾಗ ಆ ಸ್ವರವು ಅಲ್ಲಿಯೇ ನಿಂತು ಮೊರೆಯುತ್ತದೆ. ಲೆಕ್ಕ ಹಾಕಿದರೆ ಉದ್ದದಿಂದ 47 ಹರ್ಟ್ಸ್, ಅಗಲದಿಂದ 56 ಹರ್ಟ್ಸ್, ಎತ್ತರದಿಂದಲೂ 56 ಹರ್ಟ್ಸ್. ಅಗಲವೂ ಎತ್ತರವೂ ಒಂದೇ ಆದುದರಿಂದ ಒಂದೇ ಸ್ವರಕ್ಕೆ ಎರಡು ಗಂಟಲು ಕೂಡಿದಂತಾಯಿತು. ರಮಣಬಾಗಿನ ಬಯಲಿನಲ್ಲಿ ಇಂಥ ಗೋಡೆಗಳಿರಲಿಲ್ಲ. ಅಲ್ಲಿ ಹಾಡು ಹೊರಟು ಹೋಗಿಬಿಡುತ್ತಿತ್ತು. ಹೀಗೆ ಉಬ್ಬಿದುದನ್ನು ಈಕ್ವಲೈಜರು ತಗ್ಗಿಸಬಲ್ಲುದು. ಆದರೆ ಅಲೆಗಳು ಒಂದನ್ನೊಂದು ಕೊಂದು ಸ್ವರವೇ ಇಲ್ಲದಂತಾದ ಸ್ಥಳವನ್ನು ಯಾವ ಗುಂಡಿಯೂ ತುಂಬಲಾರದು. ಎಷ್ಟು ಸುರಿದರೂ ಅಷ್ಟೇ ಕಳೆದುಹೋಗುತ್ತದೆ. ಅದಕ್ಕೆ ಕುರ್ಚಿಯನ್ನು ಸರಿಸುವುದೇ ಮದ್ದು. ಅಜ್ಜನ ಕುರ್ಚಿಯನ್ನು ಹಿಂದಿನ ಗೋಡೆಯಿಂದ ಎರಡು ಅಡಿ ಮುಂದಕ್ಕೆ ಎಳೆದೆವು. ಖರ್ಚಿಲ್ಲದ ಈ ಉಪಾಯವು ಗುಂಡಿಗಳಷ್ಟೇ ಫಲ ಕೊಟ್ಟಿತೆಂದು ಒಪ್ಪಿಕೊಳ್ಳಬೇಕು.

ರಿಸೀವರಿನೊಡನೆ ಬಂದ ಸಣ್ಣ ಮೈಕನ್ನು ಕುರ್ಚಿಯ ಮೇಲಿಟ್ಟರೆ ಅದೇ ಎಲ್ಲವನ್ನೂ ಅಳೆದು ಸರಿಪಡಿಸುತ್ತದಲ್ಲ, ಹಳೆಯ ಪೆಟ್ಟಿಗೆ ಏಕೆ ಎಂದು ಹುಡುಗನ ತಂದೆ ಕೇಳಿದರು. ಪ್ರಶ್ನೆ ಯೋಗ್ಯವಾದುದೇ. ಕೋಣೆಯ ದೋಷಗಳಿಗೆ ಆ ಏರ್ಪಾಡು ನಮ್ಮ ಹತ್ತು ಗುಂಡಿಗಳಿಗಿಂತ ಬಹಳ ಸೂಕ್ಷ್ಮವಾದುದು. ಆರೂ ಪೆಟ್ಟಿಗೆಗಳಿಗೆ ಅನ್ವಯಿಸುವಂಥದು. ಅದನ್ನು ಚಲಚ್ಚಿತ್ರಗಳಿಗಾಗಿ ಹಾಗೆಯೇ ಉಳಿಸಿದ್ದೇವೆ. ಆದರೆ ಆ ಮೈಕು ಅಳೆಯುವುದು ಕೋಣೆಯನ್ನು. ಕುರ್ಚಿಯಲ್ಲಿ ಕುಳಿತವರ ಕಿವಿಯನ್ನಲ್ಲ. ಕಿವಿಯನ್ನು ಅಳೆಯುವವರು ಶ್ರವಣತಜ್ಞರು. ಈಕ್ವಲೈಜರು ಉಳಿದಿರುವ ಶಕ್ತಿಗೆ ಊರುಗೋಲಾದೀತು, ಕಳೆದುಹೋದುದನ್ನು ತಂದುಕೊಡಲಾರದು. ಕಿವಿಗೆ ಪೂರ್ತಿ ಬಾರದ ಸೀಮೆಯನ್ನು ಏರಿಸುತ್ತ ಹೋದರೆ ಕೇಳುವ ಮಿಕ್ಕವರ ಕಿವಿಗೂ ಹಾನಿ. ಇದನ್ನು ಸಂಕೋಚವಿಲ್ಲದೆ ಹೇಳಿದೆ. ಅಜ್ಜನು ಮೊದಲು ಒಪ್ಪಲಿಲ್ಲ. ಕಿವಿಗೆ ಯಂತ್ರ ತೊಡುವುದೆಂದರೆ ಕೋಲು ಹಿಡಿದಂತೆ ಎಂಬ ಭಾವನೆ ಅವರದು. ಎರಡು ವಾರಗಳ ಬಳಿಕ ಮೊಮ್ಮಗನೇ ಅವರನ್ನು ಪರೀಕ್ಷೆಗೆ ಕರೆದುಕೊಂಡು ಹೋದನು. ಅಲ್ಲಿ ಕೊಟ್ಟ ರೇಖಾಚಿತ್ರದಲ್ಲಿ 2000 ಹರ್ಟ್ಸಿನವರೆಗೆ ಹೆಚ್ಚು ಕಡಿಮೆ ಸಮವಾಗಿದ್ದ ಗೆರೆಯು 4000ದ ಬಳಿ ಕಡಿದಾಗಿ ಕೆಳಕ್ಕೆ ಬಿದ್ದಿತ್ತು. ಅದನ್ನು ನೋಡಿ ಹುಡುಗನು ಒಡನೆಯೇ, “ಸರ್, ಇದು ನಮ್ಮ ಗುಂಡಿಗಳ ಸಾಲನ್ನು ತಲೆಕೆಳಗು ಮಾಡಿದಂತೆಯೇ ಇದೆ” ಎಂದನು.

ಶ್ರವಣಯಂತ್ರದ ಮಾತುಕತೆ ಇನ್ನೂ ನಡೆದಿದೆ. ಅಲ್ಲಿಯವರೆಗೆ ಸಂಜೆಯ ಹೊತ್ತು ಆ ಕೋಣೆಯಲ್ಲಿ ಪದಗಳು ನಡೆಯುತ್ತವೆ. ಮುಂಬಯಿಯ ಕಡೆಯ ಗಾಡಿಯು ಖಡಕಿ ನಿಲ್ದಾಣವನ್ನು ಹಾಯುವಾಗ ಮಾತ್ರ ಅಜ್ಜನು ಕೈಯೆತ್ತಿ ಹಾಡನ್ನು ನಿಲ್ಲಿಸಿ, ಸದ್ದು ದೂರವಾದ ಮೇಲೆ ಮುಂದುವರಿಸುತ್ತಾರೆ. ಮೊದಲು ಅವರು ಗಾಡಿಯನ್ನು ಮೀರಿಸಲು ವಾಲ್ಯೂಮನ್ನೇ ಏರಿಸುತ್ತಿದ್ದರು. ಈಕ್ವಲೈಜರಿನ ಹಣೆಯ ಮೇಲೆ ಮೊಮ್ಮಗನು ಒಂದು ಚೀಟಿ ಅಂಟಿಸಿದ್ದಾನೆ. ಹತ್ತು ಗುಂಡಿಗಳ ಸ್ಥಾನಗಳನ್ನು ಸೀಸದ ಕಡ್ಡಿಯಿಂದ ಬರೆದು, ಮೇಲೆ “ಅಜ್ಜನಿಗೆ” ಎಂದೂ, ಅದರ ಕೆಳಗೆ ಬೈಪಾಸ್ ಗುಂಡಿಯ ಕಡೆಗೆ ಬಾಣ ಎಳೆದು “ಉಳಿದವರಿಗೆ” ಎಂದೂ ಗುರುತಿಸಿದ್ದಾನೆ.